ನಲವತ್ತೊಂದನೇ ಕ್ಯಾಪ್ಸೂಲ್

"ಮುಟ್ಟಬೇಡಿ! ಆ ಕಡ್ಡಿಗೆ ಕೈ ಹಾಕಿದ್ರೆ ನೋಡಿ!"

ನಿರ್ದೇಶಕನ ಕೂಗಿಗೆ ಸ್ಟ್ರಾ ಅಕ್ಕನ ಕೈ ಯಂತ್ರದ ನೆತ್ತಿಯ ಮೇಲೆ ಹಾಗೆಯೇ ನಿಂತುಬಿಟ್ಟಿತು. ಅವಳು ಹಿಂದಕ್ಕೂ ತೆಗೆಯಲಿಲ್ಲ, ಮುಂದಕ್ಕೂ ಚಾಚಲಿಲ್ಲ. ಕಾರ್ಮಿಕ ಸುರಕ್ಷತಾ ಇಲಾಖೆಯ ಇನ್ಸ್‌ಪೆಕ್ಟರಮ್ಮನ ಮುಖ ನೋಡಿದಳು.

ಏಳನೇ ಕೋಣೆಯ ಅರಗಿನ ಮೊಹರು ಒಡೆದು ಇನ್ನೂ ಐದು ನಿಮಿಷವಾಗಿರಲಿಲ್ಲ. ಒಂಬತ್ತು ದಿನದ ಹಿಂದೆ, ನಡುಮಧ್ಯಾಹ್ನ, ಇದೇ ಯಂತ್ರದ ಬುಡದಲ್ಲಿ ದ್ರವ ಹೀಲಿಯಂ ತುಂಬಿಸುವ ಗುತ್ತಿಗೆಯಾಳು ಉಸಿರು ಕಟ್ಟಿ ಸತ್ತಿದ್ದ. ಇಡೀ ಪ್ರಯೋಗಾಲಯಕ್ಕೆ ಅವನು ಚಳಿಯಣ್ಣ. ಸ್ಟ್ರಾ ಅಕ್ಕನಿಗೆ ಮಾತ್ರ ಮೈದುನ, ಗಂಡನ ಒಬ್ಬನೇ ತಮ್ಮ.

"ಯಾಕೆ ಮುಟ್ಟಬಾರದು?" ಇನ್ಸ್‌ಪೆಕ್ಟರಮ್ಮ ಕೇಳಿದಳು.

"ಮೇಡಂ, ಒಳಗಿರೋದು ನಲವತ್ತೊಂದನೇ ಮಾದರಿ. ಮಾಮೂಲಿ ತಾಪದಲ್ಲೂ ಕಾಂತವಾಗಿ ನಿಲ್ಲೋ ಅಣು! ಇದನ್ನ ಕಾಣೋಕೆ ಅಂತ ಎಷ್ಟು ಜನ ತಲೆ ಚಚ್ಕೊಂಡಿದ್ದಾರೆ ಗೊತ್ತಾ ನಿಮಗೆ? ಐದು ಗಂಟೆಗೆ ಪತ್ರಕರ್ತರು ಬರ್ತಾರೆ." ನಿರ್ದೇಶಕ ದನಿ ತಗ್ಗಿಸಿ, ಕೈಲಿದ್ದ ಫೈಲನ್ನು ಮೇಜಿನ ಮೇಲಿಟ್ಟು ಅವಳ ಕಡೆಗೆ ನೂಕಿದ. "ವರದಿ ಟೈಪ್ ಆಗಿದೆ. ನಿಮಗ್ಯಾಕೆ ತೊಂದರೆ ಅಂತ ನಾವೇ ಮಾಡಿಸಿಟ್ವಿ. ನೀವು ಸಹಿ ಹಾಕಿ ಹೊರಟರಾಯ್ತು. ಹಾಕ್ತೀರಿ ಅಂತ ನನಗೆ ಗೊತ್ತು."

ವರದಿಯ ಪ್ರತಿ ಬೆಳಿಗ್ಗೆಯೇ ಕಚೇರಿಗೆ ಬಂದಿತ್ತು, ಕೊನೆಯ ಸಾಲನ್ನು ಆಕೆ ಓದಿದ್ದಳು. 'ಆಮ್ಲಜನಕದ ಅಲಾರಂ ಸುಸ್ಥಿತಿಯಲ್ಲಿತ್ತು. ಮೃತನು ತಾನೇ ಅದನ್ನು ಬಂದ್ ಮಾಡಿದ್ದರಿಂದ ಸಾವು ಸಂಭವಿಸಿದೆ.'

ಎಷ್ಟು ಚೊಕ್ಕಟವಾದ ಸಾಲು! ಒಬ್ಬ ಮನುಷ್ಯನ ಉಸಿರು ಹೋಯಿತು, ತಪ್ಪನ್ನೂ ಅವನ ಎದೆಯ ಮೇಲೆಯೇ ಇಟ್ಟು ಮಣ್ಣು ಮುಚ್ಚಿದರಾಯಿತು. ಹೆಣ ಎದ್ದು ಬಂದು ಇಲ್ಲ ಅನ್ನುತ್ತದೆಯೇ?

ಇನ್ಸ್‌ಪೆಕ್ಟರಮ್ಮ ಮೂಲೆಯ ಸ್ಟೂಲನ್ನು ಗೋಡೆಗೆ ಎಳೆದು, ಸೆರಗು ಸಿಕ್ಕಿಸಿಕೊಂಡು ಅದರ ಮೇಲೆ ಹತ್ತಿದಳು. ಅಲಾರಂ ಪೆಟ್ಟಿಗೆ ಹಸಿರು ದೀಪ ಮಿನುಗಿಸುತ್ತ ಸಾಧುವಿನ ಹಾಗೆ ಕೂತಿತ್ತು. ಅದರ ಸುತ್ತ ಗೋಡೆಯ ಮೇಲೆ ನಾಲ್ಕು ಬೆರಳಗಲದ ಬಿಳಿ ಚೌಕಟ್ಟು. ಅಲ್ಲಿ ಹಿಂದೆ ಇದಕ್ಕಿಂತ ದೊಡ್ಡದೊಂದು ಪೆಟ್ಟಿಗೆ ಬಹಳ ವರ್ಷ ಕೂತಿದ್ದ ಗುರುತು.

ಆಕೆ ಉಗುರಿನಿಂದ ಪೆಟ್ಟಿಗೆಯ ಮುಖವನ್ನು ಕೆರೆದಳು. ತೆಳು ಪ್ಲಾಸ್ಟಿಕ್ ಪರೆಯೊಂದು ಸರ್ರನೆ ಎದ್ದು ಬಂತು. ಅಂಗಡಿಯಿಂದ ತಂದ ಹೊಸ ಸಾಮಾನಿನ ಮೇಲೆ ಇರುತ್ತದಲ್ಲ, ಅದೇ ಪರೆ.

"ಇದನ್ನ ಯಾವಾಗ ಹಾಕಿದ್ರಿ? ಅವತ್ತು ನಾವು ಬಂದು ಮೊಹರು ಒತ್ತೋ ಮೊದಲೇನಾ?"

"ಮೊದಲಿಂದಾನೂ ಇದೆ."

"ಮೊದಲಿಂದ ಇರೋದಕ್ಕೆ ಇನ್ನೂ ಸಿಪ್ಪೆ ಸುಲಿದಿಲ್ಲವಾ?"

"ನಮ್ಮಲ್ಲಿ ಸಾಮಾನು ಜೋಪಾನ ಮಾಡ್ತೀವಿ ಮೇಡಂ," ಎಂದು ನಿರ್ದೇಶಕ ನಕ್ಕ. "ಸಿಪ್ಪೆಯನ್ನ ಕೋರ್ಟಿಗೆ ತಗೊಂಡು ಹೋಗ್ತೀರಾ? ಅಲಾರಂ ಕೆಟ್ಟಿತ್ತು ಅನ್ನೋಕೆ ಒಂದು ಕಾಗದ ತೋರಿಸಿ. ಯಾರಾದರೂ ದೂರು ಕೊಟ್ಟಿದ್ರಾ? ಒಂದೇ ಒಂದು ಕಾಗದ!"

ಆತ ಹೇಳಿದ್ದು ಸರಿಯಾಗಿತ್ತು. ಅದೇ ಆಕೆಯ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಆಕೆ ಎಲ್ಲರಿಗೂ ಹೇಳಿಕೊಂಡು ಬಂದ ಮಾತೂ ಅದೇ: ಬಾಯಿಮಾತು ಬೇಡ, ಕಾಗದ ಇದ್ದರೆ ತೋರಿಸಿ. ನಿನ್ನೆ ಚಳಿಯಣ್ಣನ ಹೆಂಡತಿಗೂ ಅದನ್ನೇ ಹೇಳಿದ್ದಳು. ಆ ಹೆಂಗಸು ಅತ್ತಿರಲಿಲ್ಲ. "ಬೀದಿಯೋರೆಲ್ಲ ಅವರೇ ಮಾಡ್ಕೊಂಡ್ರು ಅಂತಾರೆ. ಅವರೇ ಮಾಡ್ಕೊಂಡ್ರಾ?" ಎಂದು ಒಂದೇ ಒಂದು ಮಾತು ಕೇಳಿ ಬಾಗಿಲು ಹಾಕಿಕೊಂಡಿದ್ದಳು.

"ದೂರು ಕೊಟ್ಟಿದ್ದ ಮೇಡಂ," ಎಂದಳು ಸ್ಟ್ರಾ ಅಕ್ಕ. ಕೈ ಇನ್ನೂ ಯಂತ್ರದ ಮೇಲೆಯೇ ಇತ್ತು. "ಅಲಾರಂ ಸತ್ತು ನಾಲ್ಕು ತಿಂಗಳಾಯ್ತು ಅಂತ ಬರೆದಿದ್ದ. ಅವತ್ತು ಬೆಳಿಗ್ಗೆ ಬಂದವನು, 'ಅತ್ತಿಗೆ, ಉತ್ತರ ಬಂದಿದೆ, ಊಟದ ಹೊತ್ತಿಗೆ ತೋರಿಸ್ತೀನಿ' ಅಂದ. ಅವನ ಮುಖ ನೋಡಿದ್ರೆ ಒಳ್ಳೆ ಉತ್ತರ ಅನ್ನಿಸಲಿಲ್ಲ. ಊಟದ ಹೊತ್ತಿಗೆ ಅವನೇ ಇರಲಿಲ್ಲ."

"ಯಾರಿಗೆ ಕೊಟ್ಟಿದ್ದ?"

"ಅದನ್ನ ಹೇಳಲಿಲ್ಲ. ಎಲ್ಲರ ಮುಂದೆ ಹೇಳೋ ಹಾಗಿರಲಿಲ್ಲ. ಅವತ್ತು ಬೆಳಿಗ್ಗೆಯೇ ಅವನ ಪೆಟ್ಟಿಗೆ ಒಡೆಸಿ ಹುಡುಕಿಸಿದ್ರು." ಅಕ್ಕ ನಿರ್ದೇಶಕನ ಕಡೆ ನೋಡದೆ ಹೇಳಿದಳು. "ಗೇಟಲ್ಲಿ ಜೇಬಂತೂ ದಿನಾ ತಡಕ್ತಾರೆ. ಗುತ್ತಿಗೆಯೋರು ಅಂದ್ರೆ ಕಳ್ಳರು ತಾನೇ."

ಇನ್ಸ್‌ಪೆಕ್ಟರಮ್ಮನಿಗೆ ಗೇಟಿನ ನೆನಪಾಯಿತು. ಅಲ್ಲಿನ ಕಾವಲು ತಾತ ಆಕೆಯ ಚೀಲ ಮುಟ್ಟಿರಲಿಲ್ಲ. ರಿಜಿಸ್ಟರ್ ಮಾತ್ರ ಮುಂದಿಟ್ಟಿದ್ದ. ಆಕೆ ಸಹಿ ಎಳೆದ ಮೇಲೆ ಕನ್ನಡಕ ಹಣೆಗೇರಿಸಿ, "ಏನಮ್ಮಾ ಇದು, ಸಹೀನಾ ಚೇಳಿನ ಬಾಲಾನಾ? ನೋಡಿದ್ರೇ ಕುಟುಕುತ್ತೆ," ಅಂದಿದ್ದ. ಆಕೆಗೆ ನಗು ಬಂದಿತ್ತು. ಕಚೇರಿಯಲ್ಲೂ ಎಲ್ಲರೂ ಅದನ್ನೇ ಆಡಿಕೊಳ್ಳುತ್ತಿದ್ದರು. ಕೊನೆಯ ಅಕ್ಷರ ಮೇಲಕ್ಕೆ ಸುತ್ತಿಕೊಂಡು, ತುದಿಯಲ್ಲಿ ಒಂದು ಚುಕ್ಕಿ.

"ಸರಿ ಅಕ್ಕ. ನೀವು ಫೋನಲ್ಲಿ ಹೇಳಿದ್ದನ್ನ ಇಲ್ಲಿ ತೋರಿಸಿ. ನನಗೆ ವಿಜ್ಞಾನ ತಲೆಗೆ ಹತ್ತಲ್ಲ. ಮಗುವಿಗೆ ಹೇಳಿದ ಹಾಗೆ ಹೇಳಿ."

ಇನ್ಸ್‌ಪೆಕ್ಟರಮ್ಮ ಸ್ಟೂಲಿನಿಂದ ಇಳಿದು ಬಂದಳು. ಅಕ್ಕ ಯಂತ್ರದಿಂದ ಕೈ ತೆಗೆದು ಕಂಪ್ಯೂಟರ್ ಪರದೆಯನ್ನು ತಿರುಗಿಸಿದಳು.

"ಈ ಯಂತ್ರ ಮಾಡೋದು ಒಂದೇ ಕೆಲಸ. ಒಂದು ವಸ್ತುವಿನಲ್ಲಿ ಎಷ್ಟು ಕಾಂತಗುಣ ಇದೆ ಅಂತ ಅಳೆಯೋದು. ಸೊಳ್ಳೆ ರೆಕ್ಕೆಗೆ ಕಬ್ಬಿಣದ ಧೂಳು ತಾಗಿದ್ರೂ ಹಿಡಿಯುತ್ತೆ. ಅದಕ್ಕೇ ನಾವು ಲೋಹದ ಚಿಮಟ ಮುಟ್ಟಲ್ಲ, ಎಲ್ಲಾ ಪ್ಲಾಸ್ಟಿಕ್. ಪುಡಿಯನ್ನ ಔಷಧಿ ಕ್ಯಾಪ್ಸೂಲಿಗೆ ತುಂಬಿ, ಆ ಕ್ಯಾಪ್ಸೂಲನ್ನ ಜ್ಯೂಸ್ ಕುಡಿಯೋ ಸ್ಟ್ರಾದೊಳಗೆ ಸಿಕ್ಕಿಸಿ, ಕಡ್ಡಿಗೆ ಕಟ್ಟಿ ಒಳಗೆ ಇಳಿಸ್ತೀನಿ."

"ಕೋಟಿಗಟ್ಟಲೆ ಯಂತ್ರಕ್ಕೆ ಜ್ಯೂಸ್ ಸ್ಟ್ರಾ?"

"ಅದಕ್ಕೇ ನನಗೆ ಈ ಹೆಸರು." ಅಕ್ಕನ ತುಟಿಯಲ್ಲಿ ನಗು ಮೂಡುವ ಮೊದಲೇ ಆರಿತು. "ಒಳಗೆ ಭಯಂಕರ ಚಳಿ. ಆ ಚಳಿ ಕೊಡೋದೇ ದ್ರವ ಹೀಲಿಯಂ. ಅದು ಸೋರಿದ್ರೆ ವಾಸನೆ ಇಲ್ಲ, ಉರಿ ಇಲ್ಲ. ಕೋಣೆಯ ಗಾಳಿಯನ್ನ ಸುಮ್ಮನೆ ಹೊರಗೆ ತಳ್ಳುತ್ತೆ. ಎರಡು ಉಸಿರು, ಮನುಷ್ಯ ಕೆಳಗೆ. ಅದಕ್ಕೇ ಅಲಾರಂ ಬೇಕು. ಅವತ್ತು ಕೊಳವೆಯ ಸೀಲು ಕಿತ್ತು ಸೋರಿದೆ. ಅದು ಆಗೋದೇ. ಅಲಾರಂ ಕೂಗಿದ್ರೆ ಓಡಿ ಹೋಗ್ತಿದ್ದ."

ಪರದೆಯ ಮೇಲೆ ಚುಕ್ಕಿಗಳ ಸಾಲು. ಅಕ್ಕ ಬೆರಳಿಟ್ಟಳು.

"ಅವತ್ತಿನ ಅಳತೆ. ಕೋಣೆಗೆ ಮೊಹರು ಬಿದ್ದಿದ್ರೂ ನೆಟ್‌ವರ್ಕಲ್ಲಿ ನಮಗೆಲ್ಲ ಸಿಕ್ಕಿತ್ತು. ಅತಿ ಚಳಿಯಿಂದ ನಿಧಾನಕ್ಕೆ ಬಿಸಿ ಮಾಡ್ತಾ ಹೋಗೋದು. ಅಣುಕಾಂತಗಳು ಚಳಿಯಲ್ಲಿ ಮಾತ್ರ ಕಾಂತ. ಬೆಚ್ಚಗಾದ್ರೆ ಎಲ್ಲಾ ಮರೆತುಬಿಡ್ತಾವೆ. ನೋಡಿ, ಇಲ್ಲಿವರೆಗೂ ನಲವತ್ತೊಂದೂ ಹಾಗೇ ಇಳೀತಾ ಬಂದಿದೆ. ಇಲ್ಲಿ ನೋಡಿ."

ಸಾಲು ಅಲ್ಲಿ ಕತ್ತರಿಸಿದಂತೆ ತುಂಡಾಗಿತ್ತು. ಆರು ನಿಮಿಷ ಏನೂ ಇಲ್ಲ. ಆಮೇಲೆ ಚುಕ್ಕಿಗಳು ಮಾಳಿಗೆಗೆ ಹಾರಿದಂತೆ ಮೇಲೇರಿ, ಕೊನೆಯವರೆಗೂ ಇಳಿಯದೆ ನಿಂತಿದ್ದವು.

"ಹನ್ನೆರಡು ಐವತ್ತೆರಡು," ಅಕ್ಕ ಗಂಟೆಯ ಕಾಲಂ ತೋರಿಸಿದಳು. "ನನ್ನನ್ನ ಮೀಟಿಂಗಿಗೆ ಕರೆದಿದ್ರು. ಕೋಣೆಯಲ್ಲಿ ಇದ್ದವನು ಅವನೊಬ್ಬನೇ."

"ಯಂತ್ರ ಒಂದು ಕ್ಷಣ ತಡವರಿಸಿದೆ ಅಷ್ಟೇ," ಎಂದ ನಿರ್ದೇಶಕ.

"ಹಾಗಾದ್ರೆ ಈ ಉಬ್ಬು ಏನು ಸರ್?" ಐವತ್ತು ಕೆಲ್ವಿನ್ ಎಂದು ಬರೆದ ಕಡೆ ಸಣ್ಣ ಉಬ್ಬೊಂದಿತ್ತು. "ಮೇಡಂ, ಗಾಳಿಯಲ್ಲಿರೋ ಆಮ್ಲಜನಕ ಒಳಗೆ ಹೋಗಿ ಹೆಪ್ಪುಗಟ್ಟಿದ್ರೆ ಮಾತ್ರ ಇದು ಬರೋದು. ನಮ್ಮಲ್ಲಿ ಕಲಿಯೋಕೆ ಬಂದವರಿಗೆ ಮೊದಲ ದಿನ ಹೇಳೋ ಪಾಠ. ಅಂದ್ರೆ ಯಾರೋ ಕಡ್ಡಿ ಹೊರಗೆ ತೆಗೆದು, ಮತ್ತೆ ಒಳಗೆ ಇಳಿಸಿದ್ದಾರೆ. ಗಾಳಿ ಎಳೆದು ತೆಗೆಯೋದು ಗೊತ್ತಿಲ್ಲದೋರು."

ಇನ್ಸ್‌ಪೆಕ್ಟರಮ್ಮ ಪರದೆಯ ಕಡೆಗೆ ಇನ್ನಷ್ಟು ಬಾಗಿದಳು.

"ಇನ್ನೊಂದಿದೆ." ಅಕ್ಕ ಬೆರಳನ್ನು ಪರದೆಯ ಮೇಲೆ ಮುಂದಕ್ಕೆ ಸರಿಸಿದಳು. "ನೂರ ಇಪ್ಪತ್ತರ ಹತ್ತಿರ ಒಂದು ಮೆಟ್ಟಿಲು. ಕಂಡ್ತಾ? ಈ ಮೆಟ್ಟಿಲು ಇರೋದು ಒಂದಕ್ಕೇ. ಕಬ್ಬಿಣದ ಕರಿ ಪುಡಿ. ಪ್ರಿಂಟರಿಗೆ ಹಾಕ್ತೀವಲ್ಲ, ಆ ಕಪ್ಪಲ್ಲಿ ಬೆರೆಸಿರೋದು."

"ಪ್ರಿಂಟರಿನ ಕಪ್ಪು?"

"ಎರಡು ವರ್ಷದ ಹಿಂದೆ ಯಾರೋ ಸ್ಟ್ರಾಗಳಿಗೆ ಪ್ರಿಂಟ್ ಮಾಡಿದ ಚೀಟಿ ಅಂಟಿಸಿದ್ರು. ಏನಿಟ್ರೂ ಕಾಂತ! ಮೂರು ವಾರ ಕುಣಿದಾಡಿದ್ವಿ. ಸರ್ ಸ್ವೀಟ್ ಬೇರೆ ಹಂಚಿದ್ರು. ಆಮೇಲೆ ನೋಡಿದ್ರೆ ಚೀಟಿ ಮೇಲಿನ ಅಕ್ಷರ. ಚಳಿಯಣ್ಣ ನಕ್ಕೂ ನಕ್ಕೂ ಗೋಡೆ ಹಿಡ್ಕೊಂಡಿದ್ದ. 'ಅತ್ತಿಗೆ, ನಿಮ್ಮ ಯಂತ್ರಕ್ಕೆ ಓದೋಕೆ ಬರಲ್ಲ, ಆದ್ರೂ ಅಕ್ಷರ ಕಂಡ್ರೆ ಕಿರುಚುತ್ತೆ' ಅಂತಿದ್ದ. ಅವತ್ತಿಂದ ಇಲ್ಲಿ ಪೆನ್ಸಿಲ್ ಬಿಟ್ರೆ ಬೇರೆ ಬರಹ ಇಲ್ಲ."

ಯಂತ್ರದ ಪಂಪು ಗುರುಗುರು ಎನ್ನುತ್ತಲೇ ಇತ್ತು.

ಇನ್ಸ್‌ಪೆಕ್ಟರಮ್ಮ ನಿಧಾನವಾಗಿ ನಿರ್ದೇಶಕನ ಕಡೆ ತಿರುಗಿದಳು. "ನಿಮಗೆ ಈ ಮೆಟ್ಟಿಲು ಕಾಣಲಿಲ್ಲವಾ?"

"ಅವಳು ಆಪರೇಟರ್. ಸ್ಟ್ರಾ ಕಟ್ಟೋಳು. ಅವಳು ನನಗೆ ಭೌತಶಾಸ್ತ್ರ ಹೇಳಿಕೊಡಬೇಕಾ?"

"ಸ್ಟ್ರಾ ಕಟ್ಟೋಳಿಗೆ ಕಂಡಿದ್ದು ನಿಮಗೆ ಕಾಣಲಿಲ್ಲವಾ ಅಂತ ಕೇಳಿದೆ."

"ಮೇಡಂ, ಮಿತಿ ಮೀರ್ತಿದ್ದೀರಿ. ಮೇಲಿನವರಿಗೆ ಒಂದು ಫೋನ್ ಮಾಡಿದ್ರೆ..."

"ಮಾಡಿ. ಸಾವಿನ ಕೋಣೆಯ ಮೊಹರು ನನ್ನದು. ನಾನು ಇಲ್ಲಿರೋವರೆಗೂ ಈ ಕೋಣೆಯ ಸೂಜಿಮೊನೆಯೂ ನನ್ನ ವಶ." ಆಕೆ ನಿರ್ದೇಶಕನಿಗೂ ಯಂತ್ರಕ್ಕೂ ನಡುವೆ ಹೋಗಿ ನಿಂತಳು. "ಅಕ್ಕ, ತೆಗೀರಿ."

ಕಡ್ಡಿ ಮೇಲೆ ಬಂತು. ತೆಳ್ಳಗೆ, ಉದ್ದಕ್ಕೆ, ಮುಗಿಯುವುದೇ ಇಲ್ಲವೇನೋ ಎಂಬಂತೆ. ತುದಿಯಲ್ಲಿ ಒಂದು ಬಿಳಿ ಸ್ಟ್ರಾ.

ಅಕ್ಕ ಅದನ್ನು ದೀಪಕ್ಕೆ ಹಿಡಿದವಳೇ ಒಂದು ಹೆಜ್ಜೆ ಹಿಂದಕ್ಕಿಟ್ಟಳು.

"ಇದು ನನ್ನ ಮಡಿಕೆ ಅಲ್ಲ."

"ಏನು?"

"ಸ್ಟ್ರಾದ ಬಾಯಿ. ನಾನು ಬಲಕ್ಕೆ ಮಡಿಚ್ತೀನಿ. ಇದು ಎಡಕ್ಕೆ ಮಡಿಚಿದೆ." ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. "ಅವನು ಎಡಚ ಮೇಡಂ. ಬಿಡುವಿದ್ದಾಗ ನಾನೇ ಕಲಿಸಿದ್ದು. ಎಷ್ಟು ಹೇಳಿದ್ರೂ ಉಲ್ಟಾ ಮಡಿಚ್ತಿದ್ದ."

ಇನ್ಸ್‌ಪೆಕ್ಟರಮ್ಮನಿಗೆ ಸತ್ತವನು ಕೋಣೆಯೊಳಗೇ ಇದ್ದಾನೆ, ಮೂಲೆಯಲ್ಲಿ ನಿಂತು ಅತ್ತಿಗೆಗೆ ಇದು ಅರ್ಥವಾಗುತ್ತದೋ ಇಲ್ಲವೋ ಎಂದು ಕಾಯುತ್ತಿದ್ದಾನೆ ಅನ್ನಿಸಿತು.

"ಹಾಗಾದ್ರೆ ನಿಜವಾದ ನಲವತ್ತೊಂದು ಎಲ್ಲಿ?"

ಅಕ್ಕ ಮಾದರಿಗಳ ಡಬ್ಬಿಯ ಮುಚ್ಚಳ ತೆಗೆದಳು. ಸಾಲಾಗಿ ನಿಲ್ಲಿಸಿದ್ದ ಸ್ಟ್ರಾಗಳ ಹಿಂದೆ, ಮೂಲೆಯಲ್ಲಿ, ಅಡ್ಡಕ್ಕೆ ಮಲಗಿಸಿದ್ದ ಒಂದು ಸ್ಟ್ರಾ. ಮಡಿಕೆ ಬಲಕ್ಕೆ. ಮೈಮೇಲೆ ಪೆನ್ಸಿಲಿನಲ್ಲಿ ಬರೆದ ನಲವತ್ತೊಂದು. ಒಳಗಿನ ಕ್ಯಾಪ್ಸೂಲಿನಲ್ಲಿ ತಿಳಿನೇರಳೆ ಪುಡಿ ಹಾಗೇ ಇತ್ತು.

ನಿರ್ದೇಶಕ ಅದನ್ನು ನೋಡಿದ. ಅವನ ಮುಖದ ರಕ್ತವೆಲ್ಲ ಯಾರೋ ಬಸಿದುಕೊಂಡಂತೆ ಇಳಿದುಹೋಯಿತು. ಕುರ್ಚಿಯನ್ನು ತಡಕಿ ಕೂತ. ಐದು ಗಂಟೆಗೆ ಜಗತ್ತಿಗೆ ತೋರಿಸಬೇಕಿದ್ದ ಅವನ ಅದ್ಭುತ, ಒಂಬತ್ತು ದಿನದಿಂದ ಡಬ್ಬಿಯ ಮೂಲೆಯಲ್ಲಿ ಬಿದ್ದಿತ್ತು. ಅವನು ಹೊಗಳಿ ಕೊಂಡಾಡಿದ್ದು ಒಬ್ಬ ಗುತ್ತಿಗೆಯಾಳು ಬಚ್ಚಿಟ್ಟ ಇನ್ಯಾವುದನ್ನೋ.

"ಕೂಗಲಿ ಅಂತಾನೇ ಇಟ್ಟಿದ್ದಾನೆ," ಅಕ್ಕ ಪಿಸುಗುಟ್ಟಿದಳು. "ಜೇಬು ತಡಕ್ತಾರೆ, ಪೆಟ್ಟಿಗೆ ಒಡೀತಾರೆ. ಈ ಯಂತ್ರದೊಳಗೆ ನನ್ನ ಕೈ ಬಿಟ್ಟು ಯಾರ ಕೈಯೂ ಹೋಗಲ್ಲ. ಅಕ್ಷರ ಕಂಡ್ರೆ ಇದು ಕಿರುಚುತ್ತೆ, ಅತ್ತಿಗೆ ತೆಗೆದು ನೋಡ್ತಾಳೆ ಅಂತ..."

ಯಂತ್ರ ಕಿರುಚಿತ್ತು. ಒಂಬತ್ತು ದಿನ ಕಿರುಚಿತ್ತು. ಆ ಕಿರುಚಾಟಕ್ಕೆ ಚೌಕಟ್ಟು ಹಾಕಿ ಗೋಡೆಗೆ ನೇತುಹಾಕಲು ಹೊರಟಿದ್ದರು.

ಇನ್ಸ್‌ಪೆಕ್ಟರಮ್ಮ ಪ್ಲಾಸ್ಟಿಕ್ ಚಿಮಟ ತೆಗೆದುಕೊಂಡಳು. ಸ್ಟ್ರಾದಿಂದ ಕ್ಯಾಪ್ಸೂಲನ್ನು ಜಾರಿಸಿ, ಎರಡು ಹೋಳು ಬಿಡಿಸಿದಳು. ಒಳಗೆ ಪುಡಿ ಇರಲಿಲ್ಲ. ಬೀಡಿಯ ಹಾಗೆ ಬಿಗಿಯಾಗಿ ಸುರುಳಿ ಸುತ್ತಿದ ಕಾಗದದ ಪಟ್ಟಿ. ಬೆರಳಗಲ, ಪ್ರಿಂಟರಿನ ಕಪ್ಪು ಅಕ್ಷರವಿದ್ದ ಒಂದು ಪತ್ರದ ಕೆಳಭಾಗದಿಂದ ಹರಿದದ್ದು.

"ಕಾಗದ ಕೇಳಿದ್ರಲ್ಲ," ಎಂದಳು ಆಕೆ ನಿರ್ದೇಶಕನಿಗೆ. ದನಿಯಲ್ಲಿ ಗೆದ್ದೆ ಎನ್ನುವ ಹಿಗ್ಗಿತ್ತು.

ಮೇಜಿನ ದೀಪದ ಕೆಳಗೆ ಸುರುಳಿಯನ್ನು ಬಿಡಿಸಿ, ಎರಡು ತುದಿಗೂ ಬೆರಳು ಒತ್ತಿ ಓದಿದಳು.

'...ಕೊಠಡಿ ಏಳರ ಅಲಾರಂ ಸುಸ್ಥಿತಿಯಲ್ಲಿದೆಯೆಂದು ಸಂಸ್ಥೆಯ ನಿರ್ದೇಶಕರು ಲಿಖಿತವಾಗಿ ತಿಳಿಸಿರುವುದರಿಂದ, ಸ್ಥಳ ಪರಿಶೀಲನೆಯ ಅಗತ್ಯ ಕಂಡುಬಂದಿಲ್ಲ. ಸದರಿ ದೂರನ್ನು ಮುಕ್ತಾಯಗೊಳಿಸಲಾಗಿದೆ.'

ಕೆಳಗೆ ನೀಲಿ ಶಾಯಿಯ ಸಹಿ. ಕೊನೆಯ ಅಕ್ಷರ ಮೇಲಕ್ಕೆ ಸುತ್ತಿಕೊಂಡು, ತುದಿಯಲ್ಲಿ ಒಂದು ಚುಕ್ಕಿ.

ಚೇಳಿನ ಬಾಲ.

ಮೊದಲು ಅರ್ಥವಾಗಲಿಲ್ಲ. ಯಾರೋ ತನ್ನ ಸಹಿಯನ್ನು ನಕಲು ಮಾಡಿದ್ದಾರೆ ಅಂದುಕೊಂಡಳು. ಇನ್ನೊಮ್ಮೆ ನೋಡಿದಳು. ಕಿವಿಯಲ್ಲಿ ಪಂಪಿನ ಸದ್ದು ನಿಂತೇಹೋಯಿತು.

ಆಮೇಲೆ ಆ ಶುಕ್ರವಾರ ನೆನಪಿಗೆ ಬಂತು. ಮುಖ ನೆನಪಾಗಲಿಲ್ಲ, ಹೆಸರು ನೆನಪಾಗಲಿಲ್ಲ. ನೆನಪಾದದ್ದು ಕಾಗದದ ಕಂತೆ. ಅರವತ್ತೋ ಎಪ್ಪತ್ತೋ ಉತ್ತರಗಳು, ಎಲ್ಲದಕ್ಕೂ ಒಂದೇ ಸಾಲು ಮೊದಲೇ ಟೈಪ್ ಆಗಿತ್ತು. ಚೀಲ ಹೆಗಲಿಗೆ ಹಾಕಿಕೊಂಡು, ನಿಂತಲ್ಲೇ ಒಂದೊಂದಕ್ಕೂ ಬಾಲ ಎಳೆದಿದ್ದಳು. ಬಸ್ಸು ತಪ್ಪಬಾರದಿತ್ತು.

"ಏನಿದೆ ಮೇಡಂ?" ಯಂತ್ರದ ಬಾಯಿ ಮುಚ್ಚುತ್ತಿದ್ದ ಅಕ್ಕ ಅಲ್ಲಿಂದಲೇ ಕೇಳಿದಳು. "ಅವನ ದೂರೇನಾ?"

"ದೂರಲ್ಲ." ತನ್ನ ದನಿ ತನಗೇ ಗುರುತು ಸಿಗಲಿಲ್ಲ. "ಉತ್ತರ."

"ಯಾರು ಕೊಟ್ಟಿದ್ದು?"

ಆಕೆ ಚೂರಿನ ಮೇಲೆ ಇನ್ನಷ್ಟು ಬಾಗಿದಳು.

ನಿರ್ದೇಶಕ ಎದ್ದ. ಅವನ ಮುಖಕ್ಕೆ ಬಣ್ಣ ಮರಳಿತ್ತು. ಮೇಜು ಸುತ್ತಿ ಬಂದು, ಆಕೆಯ ಕಿವಿಯ ಹತ್ತಿರ ಬಾಗಿ, ಪಂಪಿನ ಸದ್ದಿನ ಮರೆಯಲ್ಲಿ ಮೆಲ್ಲಗೆ ಹೇಳಿದ.

"ಅದರ ಪ್ರತಿ ನನ್ನ ಹತ್ರಾನೂ ಇದೆ ಮೇಡಂ. ಮೊದಲ ದಿನದಿಂದಲೂ ಇದೆ. ನಿಮ್ಮ ಮರ್ಯಾದೆ ಹೋಗಬಾರದು ಅಂತ ಬೀಗ ಹಾಕಿ ಇಟ್ಟಿದ್ದೀನಿ. ಈ ಚೂರು ಹೊರಗೆ ಬಂದ್ರೆ ನಾನು ಸುಳ್ಳುಗಾರ. ಆದ್ರೆ ಆ ಸುಳ್ಳಿಗೆ ಬಂದು ನೋಡದೇನೇ ಮುದ್ರೆ ಒತ್ತಿದೋರು ಯಾರು?" ಫೈಲನ್ನು ಬಿಡಿಸಿ, ಕೊನೆಯ ಪುಟ ತಿರುವಿ, ತನ್ನ ಪೆನ್ನಿನ ಮುಚ್ಚಳ ತೆಗೆದು ಆಕೆಯ ಮುಂದಿಟ್ಟ. "ಸಹಿ ಹಾಕೋದು ನಿಮಗೆ ಹೊಸದೇನಲ್ಲವಲ್ಲ."

ಇನ್ಸ್‌ಪೆಕ್ಟರಮ್ಮನ ಅಂಗೈ ತಾನಾಗಿಯೇ ಸರಿದು ಕಾಗದದ ಚೂರನ್ನು ಮುಚ್ಚಿಬಿಟ್ಟಿತು.

ಬೆರಳಗಲದ ಕಾಗದ. ಮುಷ್ಟಿ ಕಟ್ಟಿದರೆ ಮಾಯ. ಬೀದಿಯವರ ಬಾಯಲ್ಲಿ ಚಳಿಯಣ್ಣ 'ತಾನೇ ಮಾಡ್ಕೊಂಡೋನು' ಆಗಿಯೇ ಉಳಿಯುತ್ತಾನೆ. ಅವನ ಹೆಂಡತಿಯ ಪ್ರಶ್ನೆಗೆ ಉತ್ತರ ಈ ಅಂಗೈಯ ಬೆವರಿನಲ್ಲಿ ಕರಗುತ್ತದೆ. ಕೈ ಎತ್ತಿದರೆ ನಿರ್ದೇಶಕನ ಕುತ್ತಿಗೆಗೆ ಬೀಳುವ ಹಗ್ಗದ ಇನ್ನೊಂದು ಕೊನೆ ತನ್ನ ಕುತ್ತಿಗೆಗೇ.

ಬಾಗಿಲು ಬಡಿದ ಸದ್ದಾಯಿತು. ಗೇಟಿನ ತಾತ ಏದುಸಿರು ಬಿಡುತ್ತ ಒಳಗೆ ಬಂದ. ಕಂಕುಳಲ್ಲಿ ರಿಜಿಸ್ಟರ್.

"ಅಮ್ಮಾ, ನಾಲ್ಕು ಗಂಟೆ ಆಯ್ತು. ಪೇಪರಿನೋರು ಬರೋಕೆ ಮುಂಚೆ ಹೊರಗಿನೋರ ಸಹಿ ಎಲ್ಲಾ ತಗೊಂಡುಬಿಡು ಅಂತ ಸಾಹೇಬ್ರ ಆರ್ಡರ್. ನೀವು ಮೆಟ್ಟಿಲು ಇಳಿಯೋದು ಯಾಕೆ ಅಂತ ನಾನೇ ಹತ್ತಿ ಬಂದೆ." ಅವನು ರಿಜಿಸ್ಟರನ್ನು ಬಿಡಿಸಿ, ಸರಿಯಾಗಿ ದೀಪದ ಕೆಳಗೆ, ಆಕೆಯ ಅಂಗೈಗೆ ತಾಗುವಂತೆ ಇಟ್ಟ. ಬೆರಳು ತೋರಿಸಿ ನಕ್ಕ. "ಹಾಕಿ ನೋಡೋಣ, ಒಳಗೆ ಬಂದಾಗಿನ ಚೇಳಿನ ಪಕ್ಕದಲ್ಲೇ ಹೊರಗೆ ಹೋಗೋ ಚೇಳು."

ಸ್ಟ್ರಾ ಅಕ್ಕ ಕೈ ಒರೆಸಿಕೊಳ್ಳುತ್ತ ಮೇಜಿನ ಈಚೆ ಬಂದಳು.

"ಮೇಡಂ, ಕೈ ತೆಗೀರಿ," ಎಂದಳು. ಅವಳ ದನಿಯಲ್ಲಿ ಅನುಮಾನವಿರಲಿಲ್ಲ, ಬರೀ ಆತುರ. "ನಮ್ಮ ಮೈದುನ ನನಗೇ ಅಂತ ಇಟ್ಟಿದ್ದು ಅದು. ನಾನೂ ಒಂದ್ಸಲ ನೋಡಬೇಕು."

ನಿರ್ದೇಶಕ ಪೆನ್ನನ್ನು ಒಂದು ಅಂಗುಲ ಮುಂದಕ್ಕೆ ತಳ್ಳಿದ.

ಇನ್ಸ್‌ಪೆಕ್ಟರಮ್ಮ ಪೆನ್ನನ್ನು ನೋಡಿದಳು. ಅಕ್ಕನ ಒದ್ದೆ ಕಣ್ಣನ್ನು ನೋಡಿದಳು.

ಅಂಗೈ ಎತ್ತಿದಳು.

ಅಕ್ಕ ಬಾಗಿ ಓದತೊಡಗಿದಳು. ತುಟಿ ಒಂದೊಂದೇ ಪದಕ್ಕೆ ಅಲುಗುತ್ತಿತ್ತು. ಕೊನೆಯ ಸಾಲು ಮುಗಿಯಿತು. ಕಣ್ಣು ಸಹಿಗೆ ಇಳಿಯಿತು, ಅಲ್ಲೇ ನಿಂತಿತು. ಅಲ್ಲಿಂದ ನಿಧಾನಕ್ಕೆ, ಮಡಿಕೆ ಬಿಡಿಸುವವಳ ಹಾಗೆ, ಪಕ್ಕದ ರಿಜಿಸ್ಟರಿಗೆ ಹೋಯಿತು. ಮತ್ತೆ ಚೂರಿಗೆ ಬಂತು. ಮತ್ತೆ ರಿಜಿಸ್ಟರಿಗೆ.

ಆಮೇಲೆ ಅವಳು ತಲೆಯೆತ್ತಿದಳು.